ಕೀಲುಬೇನೆಯೂ ಊರು ಬಿಟ್ಟ ಅಜ್ಜಿಯರೂ



ಈ ತಿಂಗಳು ನಾವು ಮನೆಯ ಹಿರಿಯ ಹೆಂಗಸರ ಮೊಣಕಾಲಿನ ವಿಚಾರವನ್ನು ಎತ್ತಿಕೊಂಡಿರುವೆವು. "ಇದರಲ್ಲಿ ಬರೆಯುವುದೇನಿದೆ? ವಯಸ್ಸಾದ ಮೇಲೆ ಕಾಲು ನೋಯದೆ ಇದ್ದೀತೆ?" ಎಂದು ಕೇಳುವವರು ಬಹುಮಂದಿ ಇರುವರು. ಆ ಪ್ರಶ್ನೆಯೇ ನಮ್ಮನ್ನು ಈ ಬರಹಕ್ಕೆ ಹಚ್ಚಿತು. ಹಲ್ಲು ನೊಂದರೆ ವೈದ್ಯನಲ್ಲಿಗೆ ಹೋಗುವೆವು. ಕಣ್ಣು ಮಂಜಾದರೆ ಕನ್ನಡಕ ತರುವೆವು. ಅಜ್ಜಿಯ ಮಂಡಿ ನೊಂದರೆ ಮಾತ್ರ "ವಯಸ್ಸು" ಎಂಬ ಒಂದು ಮಾತಿನಿಂದ ಚಿಕಿತ್ಸೆಯನ್ನು ಮುಗಿಸಿಬಿಡುವೆವು. ಅದರಲ್ಲಿಯೂ ಆ ಅಜ್ಜಿಯು ಹುಟ್ಟಿದ ನೆಲವನ್ನು ಬಿಟ್ಟು ಪರಸ್ಥಳದಲ್ಲಿ ಬಾಳುವವಳಾದರೆ ಆಕೆಯ ಬೇನೆಗೆ ಕಿವಿಗೊಡುವವರು ಇನ್ನೂ ವಿರಳ.

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿ ಶಿರವಾಳವೆಂಬ ಊರುಂಟು. ಹಳೆಯ ಕಲ್ಲುಗುಡಿಗಳಲ್ಲಿ ಆಸಕ್ತಿಯುಳ್ಳವರಿಗೆ ಆ ಹೆಸರು ಪರಿಚಿತವಾಗಿರಬಹುದು. ಶಹಾಪುರದ ಬೆಟ್ಟವು ದೂರದಿಂದ ನೋಡುವವರಿಗೆ ಬುದ್ಧನು ಮಲಗಿರುವಂತೆ ತೋರುವುದೆಂದು ಹೇಳಿ ಜನರು ಬೆರಳು ಮಾಡಿ ತೋರಿಸುವರು. ಆ ಸೀಮೆಯಲ್ಲಿ ನಿಶ್ಚಿಂತೆಯಿಂದ ಮಲಗಿರುವವನು ಅವನೊಬ್ಬನೇ ಎಂದು ನಮಗೆ ಅನೇಕ ಸಲ ಅನ್ನಿಸಿದೆ. ಕೃಷ್ಣೆ ಭೀಮೆಯರ ನಡುವಣ ಈ ನಾಡು ೧೯೪೮ರವರೆಗೆ ನಿಜಾಮರ ಆಳಿಕೆಯಲ್ಲಿತ್ತು. ೧೯೫೬ರಲ್ಲಿ ಕನ್ನಡನಾಡಿನ ಉಳಿದ ಭಾಗಗಳೊಡನೆ ಕೂಡಿತು. ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟು ೧೯೮೨ರಲ್ಲಿ ಮುಗಿದ ಮೇಲೆ ಸುರಪುರ ಶಹಾಪುರಗಳ ಎಷ್ಟೋ ಹೊಲಗಳಿಗೆ ಕಾಲುವೆಯ ನೀರು ಬಂದಿತು, ಬತ್ತವೂ ಬಂದಿತು. ಆದರೆ ಕಾಲುವೆಯು ಎಲ್ಲರ ಹೊಲವನ್ನೂ ಮುಟ್ಟಲಿಲ್ಲ; ಹೊಲವೇ ಇಲ್ಲದವರನ್ನಂತೂ ಅದು ಮುಟ್ಟುವ ಬಗೆಯೇ ಇಲ್ಲ. ಜೋಳ ತೊಗರಿಗಳ ಸುಗ್ಗಿ ಮುಗಿದು ಹತ್ತಿ ಬಿಡಿಸುವ ಕೆಲಸವೂ ತೀರಿದ ಮೇಲೆ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದು, ಗೋವೆಗಳಿಗೆ ಹೋಗುವುದು ಅಲ್ಲಿಯ ಬಡವರಿಗೆ ಎರಡು ಮೂರು ತಲೆಮಾರುಗಳ ರೂಢಿಯಾಗಿದೆ. ಇದಕ್ಕೆ ಅವರು ಇಟ್ಟ ಹೆಸರು "ದುಡಿಯಾಕ ಹೋಗೂದು". ಊರಿನಲ್ಲಿ ಮಾಡಿದುದು ದುಡಿತವಲ್ಲವೋ ಏನೋ! ಶಹಾಪುರದವರು ಯಾದಗಿರಿಗೆ ಬಂದು ರೈಲು ಹಿಡಿಯಬೇಕು. ಮುಂಬಯಿಗೂ ಬೆಂಗಳೂರಿಗೂ ನಡುವೆ ಓಡುವ ಉದ್ಯಾನ್ ಎಕ್ಸ್‌ಪ್ರೆಸ್ಸು ಆ ನಿಲ್ದಾಣದಲ್ಲಿ ಎರಡು ದಿಕ್ಕಿಗೂ ಜನರನ್ನು ತುಂಬಿಕೊಂಡು ಹೋಗುವುದು. ದೇಶಾಂತರವೆಂದರೆ ಸಮುದ್ರವನ್ನೇ ದಾಟಬೇಕೆಂಬ ನಿಯಮವಿಲ್ಲ. ಜೋಳದ ರೊಟ್ಟಿಯ ಸೀಮೆಯಿಂದ ರಾಗಿಯ ಸೀಮೆಗೆ ಬಂದು, ತಗಡಿನ ಗೂಡಿಗೆ ನೀಲಿ ತಾಡಪತ್ರಿ ಹೊದಿಸಿಕೊಂಡು, ತನ್ನ ಮಾತಿಗೆ ನಗುವವರ ನಡುವೆ ಬದುಕುವುದೂ ದೇಶಾಂತರವೇ.

೧೯೭೨ರ ಬರವನ್ನು ಕಂಡ ಹೆಣ್ಣುಮಕ್ಕಳು ಈಗ ಮುದುಕಿಯರಾಗಿರುವರು. ಅವರಲ್ಲಿ ಅನೇಕರು ಕೂಸನ್ನು ಸೊಂಟದಲ್ಲಿಟ್ಟುಕೊಂಡೇ ಇಟ್ಟಿಗೆ ಹೊತ್ತವರು. ಏಣಿಯ ಮೇಲೆ ಗಾರೆಯ ಬುಟ್ಟಿಯನ್ನು ಏರಿಸಿದವರು. ಬೆಂಗಳೂರಿನ ಯಾವ ಬಡಾವಣೆಯ ಮನೆಯೇ ಆಗಲಿ, ಅದರ ತಳಪಾಯದ ಮಣ್ಣನ್ನು ಹೊತ್ತ ತಲೆಗಳಲ್ಲಿ ಉತ್ತರ ಸೀಮೆಯ ಹೆಂಗಸರ ತಲೆ ಒಂದಾದರೂ ಇದ್ದೀತು. ಈಗ ಅವರ ಸೊಸೆಯಂದಿರು ಆ ಬುಟ್ಟಿಯನ್ನು ಹೊರುವರು; ಅತ್ತೆಯು ಗೂಡಿನಲ್ಲಿ ಉಳಿದು ಮೊಮ್ಮಕ್ಕಳನ್ನು ಕಾಯುವಳು, ನೀರು ತುಂಬುವಳು, ಹದಿನೈದು ಇಪ್ಪತ್ತು ರೊಟ್ಟಿ ಬಡಿಯುವಳು. ಜೋಳದ ರೊಟ್ಟಿಯನ್ನು ಬಡಿದು ಬಲ್ಲ ಗೃಹಿಣಿಯರಿಗೆ ಹೇಳಬೇಕಾದುದಿಲ್ಲ: ಅದು ನೆಲದ ಮೇಲೆ ಒಂದು ಕಾಲು ಮಡಿಸಿ ಕುಳಿತು, ಹೆಗಲಿನಿಂದ ಅಂಗೈವರೆಗಿನ ಬಲವನ್ನೆಲ್ಲ ಇಳಿಸಿ ಮಾಡುವ ಕೆಲಸ. ಕೂಡುವಾಗ ಮಂಡಿ, ಬಡಿಯುವಾಗ ಮಣಿಕಟ್ಟು, ಏಳುವಾಗ ಮರಳಿ ಮಂಡಿ.

ಅವರ ಬಾಯಿಂದ ಈ ಬೇನೆಯ ವರ್ಣನೆಯನ್ನು ಕೇಳಬೇಕು. ನಾವು ಪೇಟೆಯವರು "ನೋವು" ಎಂಬ ಒಂದೇ ಮಾತಿನಿಂದ ಸಂಸಾರ ನಡೆಸುವೆವು. ಅಲ್ಲಿಯವರು "ಕಾಲು ಸೆಳೀತಾವ" ಎಂದರೆ ಒಂದು, "ಮೊಣಕಾಲು ಹಿಡದಾವ" ಎಂದರೆ ಇನ್ನೊಂದು, "ಕಟಕಟ ಅಂತಾವ" ಎಂದರೆ ಮತ್ತೊಂದು. ಸೆಳೆತವು ಹಗಲೆಲ್ಲ ನಿಂತುದರ ಫಲ. ಹಿಡಿತವು ಕುಳಿತು ಏಳುವಾಗ ಬರುವುದು. ಕಟಕಟವು ಮೆಟ್ಟಿಲಿನಲ್ಲಿ ಕೇಳಿಸುವುದು. ಕೀಲಿನ ಶಾಸ್ತ್ರವನ್ನು ಓದಿದ ವೈದ್ಯನು ಕೇಳಬೇಕಾದ ಪ್ರಶ್ನೆಗಳಿಗೆಲ್ಲ ಈ ಮೂರು ಮಾತುಗಳಲ್ಲಿ ಉತ್ತರವಿದೆ. ದುರ್ದೈವದಿಂದ ಪುಣೆ ಮುಂಬಯಿಗಳ ಆಸ್ಪತ್ರೆಯಲ್ಲಿ ಆಕೆಯು ಹೇಳಬಲ್ಲುದು ಇಷ್ಟೇ: ಕೈಯಿಂದ ಮಂಡಿಯನ್ನು ಮುಟ್ಟಿ ತೋರಿಸಿ, "ದರ್ದ್" ಎನ್ನುವುದು. ಬೆಂಗಳೂರಿನಲ್ಲಿ ಭಾಷೆ ಒಂದೇ ಆದರೂ "ಬ್ಯಾನಿ" ಎಂಬ ಮಾತು ತಿಳಿಯದೆ ಮುಖ ನೋಡುವವರು ಇಲ್ಲದೆ ಇಲ್ಲ.

ಬೇನೆ ಏಕೆ ಬಂದಿತೆಂಬುದಕ್ಕೂ ಅವರಲ್ಲಿ ಉತ್ತರಗಳಿವೆ. ವಾಯು ಸೇರಿತೆನ್ನುವರು. ಥಂಡಿ ಹತ್ತಿತೆನ್ನುವರು. ನೀರು ಬದಲಾಯಿತೆನ್ನುವರು. ಹಸಿಮೈಯ ಬಾಣಂತಿಯಾಗಿರುವಾಗಲೇ ಕೆಲಸಕ್ಕೆ ಹೋದುದರಿಂದ ಎಲುಬು ಗಟ್ಟಿಯಾಗಲಿಲ್ಲವೆನ್ನುವರು. ಇವುಗಳನ್ನು ಮೂಢನಂಬಿಕೆಯೆಂದು ತಳ್ಳಿಬಿಡುವುದು ಸುಲಭ. ಆದರೆ ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡುವುದು ನ್ಯಾಯ. ವಾಯುವಿನ ಮಾತು ನಮ್ಮ ಪೂರ್ವಿಕ ವೈದ್ಯದ ಮಾತೇ ಆಗಿದೆ. ಸಂಧಿವಾತವೆಂದರೆ ಬೇರೆ, ಆಮವಾತವೆಂದರೆ ಬೇರೆ ಎಂಬ ವಿವೇಚನೆ ಸಾವಿರ ವರುಷಗಳ ಹಿಂದೆಯೇ ನಮ್ಮವರಿಗೆ ಇದ್ದಿತು. ಆಮವಾತಕ್ಕೆ ಪ್ರತ್ಯೇಕ ಅಧ್ಯಾಯವನ್ನು ಬರೆದವನು ಮಾಧವಕರನು. ಬಾಣಂತನದ ಮಾತೂ ಪೂರಾ ಸುಳ್ಳಲ್ಲ. ಮೇಲಿಂದ ಮೇಲೆ ಹೆತ್ತು, ಹಾಲೂಡಿಸಿ, ತಾನು ಮಾತ್ರ ಖಾರ ರೊಟ್ಟಿ ತಿಂದ ಹೆಂಗಸಿನ ಎಲುಬಿನಲ್ಲಿ ಸುಣ್ಣದ ಅಂಶವು ಎಷ್ಟು ಉಳಿದೀತು? ಮುಟ್ಟು ನಿಂತ ಮೇಲೆ ಎಲುಬು ಕೀಲುಗಳೆರಡೂ ಗಂಡಸರಿಗಿಂತ ಬೇಗನೆ ಸವೆಯುವುದನ್ನು ಇಂದಿನ ವೈದ್ಯರೂ ಒಪ್ಪುವರು.

ಥಂಡಿಯ ಮಾತನ್ನು ಕುರಿತು ಒಂದು ಸ್ವಾರಸ್ಯದ ಪರೀಕ್ಷೆ ನಡೆದಿದೆ. ಇಂಗ್ಲೆಂಡಿನ ವಿದ್ವಾಂಸರು ಎರಡೂವರೆ ಸಾವಿರಕ್ಕೂ ಹೆಚ್ಚು ರೋಗಿಗಳಿಂದ ಪ್ರತಿದಿನದ ನೋವಿನ ಲೆಕ್ಕವನ್ನು ಬರೆಯಿಸಿಕೊಂಡು, ಅವರವರ ಊರಿನ ಹವೆಯೊಡನೆ ತಾಳೆ ನೋಡಿ, ೨೦೧೯ರಲ್ಲಿ ಫಲವನ್ನು ಪ್ರಕಟಿಸಿದರು. ಗಾಳಿಯಲ್ಲಿ ತೇವ ಹೆಚ್ಚಿ, ವಾಯುಭಾರ ಕುಗ್ಗಿ, ಗಾಳಿ ಬಲವಾಗಿ ಬೀಸುವ ದಿನಗಳಲ್ಲಿ ನೋವು ಸ್ವಲ್ಪ ಹೆಚ್ಚುವುದೆಂದು ಕಂಡುಬಂದಿತು. ಸ್ವಲ್ಪವೇ ಹೊರತು ಬಹಳವಲ್ಲ. ಯಾದಗಿರಿಯ ಕಡೆಯ ಉರಿಬಿಸಿಲಿನಲ್ಲಿ ಬೆಳೆದ ಮೈಯು ಬೆಂಗಳೂರಿನ ಆಷಾಢದ ಜಡಿಮಳೆಯಲ್ಲಿ, ಅದರಲ್ಲಿಯೂ ತಗಡಿನ ಕೆಳಗೆ ಬರಿಯ ನೆಲದ ಮೇಲೆ ಮಲಗಿದಾಗ, ಬಿಗಿದುಕೊಂಡರೆ ಆಶ್ಚರ್ಯವೇನು? ಆದರೆ ಹವೆಯು ಬೇನೆಯನ್ನು ಕೆರಳಿಸಬಲ್ಲುದು. ಕೀಲನ್ನು ಸವೆಯಿಸಿದುದು ಹವೆಯಲ್ಲ.

ಸವೆಯುವುದು ಹೇಗೆಂಬುದನ್ನು ಚಿಕ್ಕದಾಗಿ ಹೇಳುವೆವು. ಎರಡು ಎಲುಬುಗಳು ಕೂಡುವಲ್ಲಿ ಅವುಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿರುವುದು. ನಡುವೆ ಎಣ್ಣೆಯಂತಹ ದ್ರವವು ಜಾರಿಕೆಯನ್ನು ಕೊಡುವುದು. ಆ ಹೊದಿಕೆಗೆ ರಕ್ತನಾಳಗಳಿಲ್ಲ; ಆದುದರಿಂದ ಅದಕ್ಕೆ ಪೆಟ್ಟು ಬಿದ್ದರೆ ಚರ್ಮದಂತೆ ಅದು ಮರಳಿ ಬೆಳೆಯದು. ವರುಷಗಳ ಭಾರದಿಂದ ಹೊದಿಕೆ ತೆಳುವಾದಂತೆ ಎಲುಬಿನ ಅಂಚಿನಲ್ಲಿ ಮುಳ್ಳುಗಳಂತೆ ಹೊಸ ಎಲುಬು ಮೂಡುವುದು, ಸುತ್ತಲಿನ ಪೊರೆ ಊದಿಕೊಳ್ಳುವುದು, ನೋವಿಗೆ ಹೆದರಿ ಕಾಲನ್ನು ಆಡಿಸದೆ ಇದ್ದರೆ ತೊಡೆಯ ಸ್ನಾಯು ಸೊರಗುವುದು, ಸ್ನಾಯು ಸೊರಗಿದರೆ ಕೀಲಿನ ಮೇಲೆ ಭಾರವು ಇನ್ನೂ ಹೆಚ್ಚುವುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ೨೦೧೯ರಲ್ಲಿ ಜಗತ್ತಿನಲ್ಲಿ ಸುಮಾರು ೫೩ ಕೋಟಿ ಜನರಿಗೆ ಈ ಸವೆತದ ರೋಗವಿದ್ದಿತು. ನೂರರಲ್ಲಿ ಅರುವತ್ತು ಮಂದಿ ಹೆಂಗಸರು. ಕುಕ್ಕರುಗಾಲಿನ ಪಾತ್ರವೂ ಇದರಲ್ಲಿ ಸಣ್ಣದಲ್ಲ. ಚೀನದ ಬೀಜಿಂಗಿನಲ್ಲಿ ವೃದ್ಧರನ್ನು ಪರೀಕ್ಷಿಸಿದವರು, ಯೌವನದಲ್ಲಿ ದಿನವೂ ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕುಳಿತವರ ಮಂಡಿಗಳೇ ಹೆಚ್ಚು ಕೆಟ್ಟಿರುವುದನ್ನೂ, ಅಮೆರಿಕದ ಒಂದು ಪಟ್ಟಣದ ಹೆಂಗಸರಿಗಿಂತ ಅಲ್ಲಿಯ ಹೆಂಗಸರಲ್ಲಿ ಈ ರೋಗವು ಹೆಚ್ಚಾಗಿರುವುದನ್ನೂ ಈ ಶತಮಾನದ ಮೊದಲ ವರುಷಗಳಲ್ಲಿ ತೋರಿಸಿಕೊಟ್ಟರು. ಕಳೆ ಕೀಳುವುದು, ನಾಟಿ ಹಾಕುವುದು, ಬಟ್ಟೆ ಒಗೆಯುವುದು, ನೆಲ ಒರೆಸುವುದು, ಬಯಲಿಗೆ ಹೋಗುವುದು ಇವೆಲ್ಲವೂ ಕುಕ್ಕರುಗಾಲಿನ ಕೆಲಸಗಳಲ್ಲವೆ?

ಇನ್ನು "ನೀರು ಬದಲಾಯಿತು" ಎಂಬ ಮಾತು. ಇದು ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚುವ ಮಾತಾಗಿದೆ. ಏಕೆಂದರೆ ಇಲ್ಲಿ ಅಜ್ಜಿಯು ದಿಕ್ಕನ್ನು ಮಾತ್ರ ತಪ್ಪಿ ತೋರಿಸುತ್ತಿರುವಳು. ಕೆಡುಕು ಪರಸ್ಥಳದ ನೀರಿನಲ್ಲಿಲ್ಲದೆ ತವರಿನ ನೀರಿನಲ್ಲಿಯೇ ಇರಬಹುದು. ಯಾದಗಿರಿ ಜಿಲ್ಲೆಯ ಅನೇಕ ಊರುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಎಂಬ ಲವಣವು ಮಿತಿಮೀರಿ ಇರುವುದು. ಲೀಟರಿಗೆ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚು ಸಲ್ಲದೆಂಬುದು ಕಟ್ಟಳೆ. ಅದಕ್ಕಿಂತ ಬಹಳ ಹೆಚ್ಚಿನ ನೀರನ್ನು ಹತ್ತಾರು ವರುಷ ಕುಡಿದವರಿಗೆ ಮೊದಲು ಹಲ್ಲಿನಲ್ಲಿ ಕಂದು ಕಲೆಗಳು, ಆಮೇಲೆ ಬೆನ್ನು ಸೊಂಟಗಳಲ್ಲಿ ಬಿಗಿತ, ಕಡೆಗೆ ಕತ್ತನ್ನು ತಿರುಗಿಸಲಾರದ, ಬೆನ್ನನ್ನು ಬಗ್ಗಿಸಲಾರದ ಅವಸ್ಥೆ. ನಮ್ಮ ದೇಶದಲ್ಲಿ ಈ ರೋಗವನ್ನು ಶಾಸ್ತ್ರೀಯವಾಗಿ ಬರೆದಿಟ್ಟುದು ೧೯೩೭ರಲ್ಲಿ, ಆಗಿನ ಮದರಾಸು ಪ್ರಾಂತದ ನೆಲ್ಲೂರಿನ ಕಡೆಯ ಹಳ್ಳಿಗರನ್ನು ನೋಡಿ. ಇದನ್ನು ಸಾಮಾನ್ಯ ಸಂಧಿವಾತವೆಂದು ತಿಳಿದು ಮಾತ್ರೆ ಕೊಡುವುದು ಇಂದಿಗೂ ನಡೆಯುವ ಪ್ರಮಾದ. ಪಟ್ಟಣದ ವೈದ್ಯನು ಆಕೆಯ ಊರನ್ನು ಕೇಳದೆ ಇದ್ದರೆ ಅವನಿಗೆ ತಿಳಿಯುವುದಾದರೂ ಹೇಗೆ? ಆದುದರಿಂದ ಶಹಾಪುರ ಸುರಪುರಗಳ ಕಡೆಯವರು ಯಾವ ವೈದ್ಯನ ಮುಂದೆ ಕುಳಿತರೂ ತಾವು ಯಾವ ಊರವರು, ಎಷ್ಟು ವರುಷ ಯಾವ ನೀರನ್ನು ಕುಡಿದವರು ಎಂಬುದನ್ನು ತಾವಾಗಿಯೇ ಹೇಳತಕ್ಕದ್ದು. ಇನ್ನೊಂದು ಸಂಗತಿ: ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗದು, ಆವಿಯಾಗಿ ನೀರು ಕಡಿಮೆಯಾದಷ್ಟೂ ಅದರ ಪ್ರಮಾಣ ಏರುವುದು. ಹೊಳೆಯ ನೀರು ಬರುವಲ್ಲಿ ಅದನ್ನೇ ಕುಡಿಯುವುದು, ಅಥವಾ ಶುದ್ಧೀಕರಣದ ಘಟಕದಿಂದ ತರುವುದು ಲೇಸು.

ಚಿಕನ್‌ಗುನ್ಯವನ್ನೂ ಮರೆಯಲಾಗದು. ೨೦೦೫ರ ಕೊನೆಯಲ್ಲಿ ತಲೆಯೆತ್ತಿದ ಆ ಜ್ವರವು ೨೦೦೬ರಲ್ಲಿ ನಮ್ಮ ರಾಜ್ಯದಲ್ಲಿಯೇ ಏಳು ಲಕ್ಷಕ್ಕೂ ಹೆಚ್ಚು ಜನರನ್ನು ಹಿಡಿಯಿತೆಂದು ಸರಕಾರದ ಲೆಕ್ಕ. ಕಲಬುರಗಿಯ ಕಡೆ ಅದರ ಹಾವಳಿ ವಿಪರೀತವಾಗಿದ್ದಿತು. ಆಫ್ರಿಕದ ಮಕೊಂದೆ ಜನರ ನುಡಿಯಲ್ಲಿ ಆ ಹೆಸರಿಗೆ ಬಾಗಿ ಮುರುಟುವುದು ಎಂಬ ಅರ್ಥವಂತೆ. ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ, ಕೆಲವರಿಗೆ ವರುಷಗಟ್ಟಲೆ, ಬೆರಳು ಮಣಿಕಟ್ಟು ಹಿಮ್ಮಡಿಗಳ ಬೇನೆ ಉಳಿಯಿತು. ಬಹಳ ಮಂದಿ ಅಜ್ಜಿಯರು ತಮ್ಮ ಬೇನೆಯ ಆರಂಭವನ್ನು ಆ ವರುಷದಿಂದಲೇ ಎಣಿಸುವರು. ಅದು ಮರೆವಿನ ಮಾತಲ್ಲ.

ಇಷ್ಟೆಲ್ಲ ಕಾರಣಗಳನ್ನು ಹೇಳಿದ ಮೇಲೂ ಮುಖ್ಯವಾದುದು ಉಳಿದೇ ಇದೆ. ಆಕೆಯು ಈ ಬೇನೆಯನ್ನು ಮುಚ್ಚಿಡುವಳು. ಏಕೆ? ತಗಡಿನ ಗೂಡಿನ ಸಂಸಾರದ ಲೆಕ್ಕವನ್ನು ಒಮ್ಮೆ ಮನಸ್ಸಿನಲ್ಲಿ ಹಾಕಿ ನೋಡಿರಿ. ಅತ್ತೆಯು ಕೂಸನ್ನು ನೋಡಿಕೊಂಡರೆ ಸೊಸೆಯ ಕೂಲಿ ಬರುವುದು. ಅತ್ತೆಯು ಕಾಲು ಚಾಚಿ ಮಲಗಿದರೆ ಸೊಸೆಯ ಕೂಲಿಯೂ ನಿಲ್ಲುವುದು, ಔಷಧದ ವೆಚ್ಚವೂ ಸೇರುವುದು. "ನನ್ನಿಂದ ಆಗದು" ಎಂಬ ಮಾತನ್ನು ಆಡಿದ ದಿನವೇ ಆಕೆಯನ್ನು ಊರಿಗೆ ಕಳುಹಿಸುವ ಮಾತು ಬರುವುದು. ಊರಿನಲ್ಲಿ ಬಾಗಿಲು ಹಾಕಿದ ಮನೆ, ತನ್ನಂತೆಯೇ ಉಳಿದ ಮುದುಕರು, ದೂರದ ನೀರು. ೨೦೨೦ರ ಮಾರ್ಚಿಯಲ್ಲಿ ದೇಶವೆಲ್ಲ ಬಾಗಿಲು ಹಾಕಿದಾಗ ಬೆಂಗಳೂರಿನಿಂದ ಯಾದಗಿರಿ, ರಾಯಚೂರು, ಕಲಬುರಗಿಗಳತ್ತ ನಡೆದೇ ಹೊರಟವರ ಸಾಲುಗಳನ್ನು ಕಂಡವರಿಗೆ, ಕಾಲಿಲ್ಲದವರು ಇಂತಹ ಸಂಸಾರದಲ್ಲಿ ಎಷ್ಟು ಭಾರವೆಂದು ತಮ್ಮನ್ನು ತಾವೇ ಎಣಿಸಿಕೊಳ್ಳುವರೆಂಬುದು ತಿಳಿದೀತು. ಹೀಗಾಗಿ ಮಂಡಿಯ ಬೇನೆಯು ಆಕೆಗೆ ಮಂಡಿಯ ಪ್ರಶ್ನೆಯಲ್ಲ. ಮಗನ ಒಲೆಯ ಬಳಿ ತನಗಿರುವ ಜಾಗದ ಪ್ರಶ್ನೆ. ಎದ್ದು ನಿಲ್ಲುವಾಗ ಬಾಯಿಗೆ ಸೆರಗು ಒತ್ತಿಕೊಳ್ಳುವುದನ್ನು ಮೊಮ್ಮಕ್ಕಳು ಮಾತ್ರ ಕಂಡಿರುವರು.

ಬೇನೆ ಹೆಚ್ಚಿದುದನ್ನು ಅವರು ಅಳೆಯುವ ಬಗೆಯೂ ವೈದ್ಯರದಲ್ಲ. ತಿಂಥಣಿಯ ಮೌನೇಶ್ವರನ ಜಾತ್ರೆಗೆ ಹೋಗಲಾಯಿತೆ? ಮೈಲಾಪುರದ ಗುಡ್ಡವನ್ನು ಏರಲಾಯಿತೆ? ಪಂಕ್ತಿಯಲ್ಲಿ ನೆಲಕ್ಕೆ ಕುಳಿತು ಉಂಡು ಪರರ ಕೈ ಹಿಡಿಯದೆ ಏಳಲಾಯಿತೆ? ಏಳಲಾಗದ ವರುಷದಿಂದ ಮುದುಕಿಯಾದೆನೆಂದು ಅವರ ಎಣಿಕೆ.

ಮುಚ್ಚಿಟ್ಟ ಬೇನೆಗೆ ಸಿಗುವ ಮದ್ದೂ ಮುಚ್ಚಿಟ್ಟ ಮದ್ದೇ. ರವಿವಾರದ ಸಂತೆಯಲ್ಲಿ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುವ ಹೆಸರಿಲ್ಲದ ಪುಡಿ, ಮೂಲೆಯ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವ ಮೂರು ಬಣ್ಣದ ಮಾತ್ರೆ, "ಒಂದು ಸೂಜಿ ಮಾಡಿಸಿಬಿಡ್ರಿ" ಎಂಬ ಬೇಡಿಕೆ. ಒಂದೇ ರಾತ್ರಿಯಲ್ಲಿ ಎಲ್ಲ ಕೀಲುಗಳ ಬೇನೆಯನ್ನೂ ಮಾಯ ಮಾಡುವ ಪುಡಿಯನ್ನು ನಾವು ನಂಬಲಾರೆವು. ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಶಂಕೆ ಬಲವಾಗಿರುವುದು. ಸ್ಟೀರಾಯ್ಡ್ ಯೋಗ್ಯ ವೈದ್ಯನ ಕೈಯಲ್ಲಿ ಜೀವವುಳಿಸುವ ಔಷಧ. ಲೆಕ್ಕವಿಲ್ಲದೆ ತಿಂದರೆ ಮುಖವು ಹುಣ್ಣಿಮೆಯ ಚಂದ್ರನಂತೆ ಊದುವುದು, ಸಕ್ಕರೆಯ ರೋಗ ಏಳುವುದು, ಎಲುಬು ಪೊಳ್ಳಾಗುವುದು. ಬಹುಕಾಲ ತಿಂದವರು ತಟ್ಟನೆ ನಿಲ್ಲಿಸುವುದೂ ಅಪಾಯವೇ. ವೈದ್ಯನಿಗೆ ಪೊಟ್ಟಣವನ್ನು ತೋರಿಸಿ ಮೆಲ್ಲಮೆಲ್ಲನೆ ಬಿಡಬೇಕು. ಡಿಕ್ಲೋಫೆನಾಕ್ ಮೊದಲಾದ ನೋವಿನ ಮಾತ್ರೆಗಳೂ ಸಾಧುಗಳಲ್ಲ. ಅದೇ ಡಿಕ್ಲೋಫೆನಾಕನ್ನು ದನಗಳಿಗೆ ಕೊಟ್ಟುದರಿಂದ, ಸತ್ತ ದನದ ಮಾಂಸವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ನಮ್ಮ ದೇಶದಲ್ಲಿ ನಿರ್ವಂಶವಾಗುವ ಮಟ್ಟಕ್ಕೆ ಬಂದವು. ೨೦೦೬ರಲ್ಲಿ ಸರಕಾರವು ದನಗಳಿಗೆ ಅದನ್ನು ಕೊಡಕೂಡದೆಂದು ನಿಷೇಧಿಸಿತು. ಮನುಷ್ಯರು ಹದ್ದುಗಳಲ್ಲ, ನಿಜ. ಆದರೆ ರಕ್ತದೊತ್ತಡವಿದ್ದು, ಸೈಟಿನ ಬಿಸಿಲಿನಲ್ಲಿ ನೀರು ಕುಡಿಯದೆ ದುಡಿಯುವ ಮುದುಕಿಯು ದಿನಕ್ಕೆರಡು ಮಾತ್ರೆಯನ್ನು ವರುಷವಿಡೀ ನುಂಗಿದರೆ ಆಕೆಯ ಮೂತ್ರಪಿಂಡವೂ ಉಳಿಯದು. ಬರೆ ಹಾಕಿಸಿಕೊಳ್ಳುವುದಂತೂ ಬೇನೆಯ ಮೇಲೆ ಗಾಯವನ್ನು ಸೇರಿಸುವುದೇ ಸರಿ.

ಹಾಗಾದರೆ ಮಾಡತಕ್ಕದ್ದೇನು? ಮೊದಲು ರೋಗವನ್ನು ಗುರುತಿಸಿಕೊಳ್ಳಬೇಕು. ಮುಂಜಾನೆ ಎದ್ದಾಗ ಎರಡೂ ಕೈಗಳ ಬೆರಳುಗಂಟುಗಳು ಊದಿ, ಗಂಟೆಹೊತ್ತು ಮುಷ್ಟಿ ಕಟ್ಟಲಾಗದಿದ್ದರೆ ಅದು ಸವೆತವಲ್ಲ, ಆಮವಾತದ ಬಗೆ. ಅದಕ್ಕೆ ಬೇರೆ ಔಷಧಗಳುಂಟು, ತಡಮಾಡಿದರೆ ಬೆರಳುಗಳು ಸೊಟ್ಟಾಗಿಯೇ ಉಳಿಯುವುವು. ಒಂದೇ ಕೀಲು ಕೆಂಪೇರಿ ಸುಡುತ್ತಿದ್ದು ಜ್ವರವೂ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಉಳಿದಂತೆ, ಕುಳಿತು ಏಳುವಾಗ ಹಿಡಿದು ನಾಲ್ಕು ಹೆಜ್ಜೆಗೆ ಸಡಲುವ ಬೇನೆಯು ಬಹುಮಟ್ಟಿಗೆ ಸವೆತದ್ದು. ಅದಕ್ಕೆ ಮೊದಲ ಮದ್ದು ತೊಡೆಯ ಬಲ. ಕುರ್ಚಿಯ ಮೇಲೋ ಹೊರಸಿನ ಅಂಚಿನ ಮೇಲೋ ಕುಳಿತು ಒಂದು ಕಾಲನ್ನು ನೇರವಾಗಿ ಎತ್ತಿ ಹಿಡಿದು, ಹತ್ತು ಎಣಿಸಿ ಮೆಲ್ಲನೆ ಇಳಿಸುವುದು. ಆಮೇಲೆ ಇನ್ನೊಂದು ಕಾಲು. ಹೀಗೆ ಹತ್ತು ಸಲ, ಬೆಳಿಗ್ಗೆ ಬೈಗು. ಇದಕ್ಕೆ ಕಾಸಿಲ್ಲ, ಆದುದರಿಂದಲೇ ಯಾರೂ ನಂಬುವುದಿಲ್ಲ! ಎರಡು ಮೂರು ತಿಂಗಳು ಬಿಡದೆ ಮಾಡಿದವರು ನಂಬುವರು. ಮರಳನ್ನೋ ಉಪ್ಪನ್ನೋ ಹುರಿದು ಬಟ್ಟೆಯಲ್ಲಿ ಕಟ್ಟಿ ಕಾವು ಕೊಡುವುದು, ಲಕ್ಕಿಸೊಪ್ಪಿನ ಬಿಸಿನೀರು, ಔಡಲೆಣ್ಣೆ ಹಚ್ಚಿ ತಿಕ್ಕುವುದು ಇವು ಸವೆದುದನ್ನು ತುಂಬಲಾರವಾದರೂ ಬಿಗಿತವನ್ನು ಸಡಲಿಸುವುವು. ಸೊಸೆಯೋ ಮೊಮ್ಮಗಳೋ ಕುಳಿತು ತಿಕ್ಕಿದರಂತೂ ಅದರ ಗುಣವು ಎಣ್ಣೆಯದಷ್ಟೇ ಅಲ್ಲ. ಕಾವು ಸುಡದಿರಲಿ, ಸಕ್ಕರೆಯ ರೋಗವಿದ್ದವರ ಪಾದಕ್ಕೆ ಬಿಸಿ ತಿಳಿಯುವುದಿಲ್ಲ. ಕೋಲನ್ನು ಹಿಡಿಯುವವರು ನೋಯುವ ಕಾಲಿನ ಕಡೆಯ ಕೈಯಲ್ಲಿ ಹಿಡಿಯುವುದನ್ನು ನಾವು ಎಲ್ಲೆಲ್ಲೂ ಕಾಣುವೆವು. ಅದು ತಪ್ಪು. ಬಲಮಂಡಿ ನೊಂದರೆ ಕೋಲು ಎಡಗೈಯಲ್ಲಿರಬೇಕು. ಆಗಲೇ ಭಾರ ಇಳಿಯುವುದು.

ಮಂಡಿಯನ್ನೇ ಬದಲಿಸುವ ಶಸ್ತ್ರಚಿಕಿತ್ಸೆಯ ಸುದ್ದಿ ಈಗ ಹಳ್ಳಿಗಳಿಗೂ ಮುಟ್ಟಿದೆ. ೨೦೧೭ರ ಆಗಸ್ಟಿನಲ್ಲಿ ಕೇಂದ್ರ ಸರಕಾರವು ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿದ ಮೇಲೆ ಅದರ ಬೆಲೆ ಬಹಳವಾಗಿ ಇಳಿದುದು ನಿಜ. ಆದರೆ ಆ ಮಂಡಿಯನ್ನು ಹಾಕಿಸಿಕೊಂಡವರು ಕುಕ್ಕರುಗಾಲಿನಲ್ಲಿ ಕೂಡಬಾರದೆಂದು ವೈದ್ಯರು ಹೇಳಿ ಕಳುಹಿಸುವರು. ಪಾಯಖಾನೆಯೇ ಇಲ್ಲದ ಗೂಡಿಗೆ, ನೆಲದ ಒಲೆಗೆ ಮರಳುವವಳು ಆ ಮಾತನ್ನು ಪಾಲಿಸುವುದು ಹೇಗೆ? ನಡುವೆ ತೂತು ಕೊರೆದ ಒಂದು ಕುರ್ಚಿ, ಒಲೆಯನ್ನು ಎತ್ತರಿಸಲು ನಾಲ್ಕು ಇಟ್ಟಿಗೆ, ಕೂಡಲು ಒಂದು ಮೊಳದ ಮಣೆ: ಇವು ಶಸ್ತ್ರಕ್ಕಿಂತ ಮೊದಲು ಬರಬೇಕಾದ ವಸ್ತುಗಳೆಂದು ನಮ್ಮ ಅಭಿಪ್ರಾಯ. ನಾಲ್ಕು ಇಟ್ಟಿಗೆಗೆ ಇಟ್ಟಿಗೆ ಹೊತ್ತವರ ಮನೆಯಲ್ಲಿ ಬರವಿರಬಾರದು.

ಈಗ ನಮ್ಮ ಮನೆಯ ಮಾತು. ವಾಚಕ ಸೋದರಿಯರೆ, ನಿಮ್ಮ ಮನೆಯಲ್ಲಿ ಪಾತ್ರೆ ತಿಕ್ಕಿ ನೆಲ ಒರೆಸಲು ಬರುವ ಹಿರಿಯ ಹೆಂಗಸು ಯಾವ ಊರಿನವಳೆಂದು ಕೇಳಿರುವಿರಾ? ಕಟ್ಟಡದ ಕೆಲಸದಿಂದ ಮೈ ಸೋತವರು ಮನೆಗೆಲಸಕ್ಕೆ ಬರುವುದುಂಟು. ಆಕೆ ಕುಕ್ಕರುಗಾಲಿನಲ್ಲಿ ಹಿಂದಕ್ಕೆ ಸರಿಯುತ್ತ ಒದ್ದೆಬಟ್ಟೆಯಿಂದ ಒರೆಸಿದರೆ ಮಾತ್ರ ನೆಲವು ಶುದ್ಧವಾಗುವುದೆಂಬ ಹಟ ಅನೇಕ ಗೃಹಿಣಿಯರಲ್ಲಿದೆ. ಉದ್ದ ಹಿಡಿಕೆಯ ಒರೆಸುಕೋಲಿನಿಂದ ಮೂಲೆ ಬಾರದೆಂದು ಅವರ ಆಕ್ಷೇಪ. ಮೂಲೆಯು ವಾರಕ್ಕೊಮ್ಮೆ ಬಂದರೆ ಸಾಲದೆ? ಪಾತ್ರೆಯನ್ನು ನಿಂತು ತಿಕ್ಕುವಂತೆ ಮಾಡಿಕೊಡುವುದೂ, ಮಹಡಿಗೆ ಎತ್ತುವ ಯಂತ್ರವಿರುವ ಮನೆಗಳಲ್ಲಿ ಅದನ್ನು ಆಕೆಯೂ ಬಳಸಗೊಡುವುದೂ ದಾನವಲ್ಲ. ಆ ಯಂತ್ರದ ಬಾಗಿಲಿಗೆ ಕೆಲಸದವರು ಬಳಸಕೂಡದೆಂದು ಹಲಗೆ ತೂಗುಹಾಕುವವರ ಮಂಡಿಗಳು ಎಂದೆಂದಿಗೂ ಗಟ್ಟಿಯಾಗಿರಲೆಂದು ಹಾರೈಸುವೆವು. ಮೆಟ್ಟಿಲಿನ ಅನುಭವ ಅವರಿಗೆ ಆಗುವುದು ಬೇಡ.

ಸಮುದ್ರದಾಚೆಯ ಮಕ್ಕಳ ಮನೆಗೆ ಹೋಗಿರುವ ತಾಯಂದಿರನ್ನೂ ಇಲ್ಲಿ ನೆನೆಯಬೇಕು. ಅವರಿಗೆ ಇಟ್ಟಿಗೆಯ ಭಾರವಿಲ್ಲ, ಬಿಸಿಲಿನ ಬರವುಂಟು. ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ ನೆಲಸಿದ್ದ ಪಾಕಿಸ್ತಾನದ ಕಡೆಯ ಕುಟುಂಬಗಳಲ್ಲಿ ಎಲುಬು ಮೆತ್ತಗಾಗುವ ರೋಗವನ್ನು ೧೯೬೨ರಲ್ಲಿ ವೈದ್ಯರು ವರ್ಣಿಸಿದರು. ಬಿಸಿಲು ಮೈಗೆ ತಾಗದೆ ಡಿ ಎಂಬ ಜೀವಸತ್ವವು ಕುಗ್ಗಿದುದು ಅದರ ಒಂದು ಮುಖ್ಯ ಕಾರಣ. ಮೈಯೆಲ್ಲ ನೋವು, ತೊಡೆಯಲ್ಲಿ ಬಲವಿಲ್ಲ, ಮೆಟ್ಟಿಲು ಏರಲಾಗದು ಎಂದು ತಾಯಿಯು ದೂರವಾಣಿಯಲ್ಲಿ ಹೇಳಿದರೆ ಅದನ್ನು ಊರ ನೆನಪಿನ ಕೊರಗೆಂದು ತಿಳಿಯದೆ ರಕ್ತಪರೀಕ್ಷೆ ಮಾಡಿಸಿರಿ. ನಮ್ಮ ಪಟ್ಟಣಗಳ ಎತ್ತರದ ಮಹಡಿಗಳಲ್ಲಿ ಬಾಗಿಲೊಳಗೇ ಇರುವ ಅಜ್ಜಿಯರಿಗೂ ಇದು ಅನ್ವಯಿಸುವುದು.

ಕಾಗದಪತ್ರದ ಸಂಗತಿಯೊಂದು ಉಳಿಯಿತು. ಕಟ್ಟಡ ಕಾರ್ಮಿಕರ ಕಾನೂನಿನಂತೆ ಹದಿನೆಂಟರಿಂದ ಅರುವತ್ತು ವರುಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನ ದುಡಿದಿದ್ದರೆ, ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಯಿಸಬಹುದು. ಅರುವತ್ತು ದಾಟಿದ ಮೇಲೆ ಎಚ್ಚತ್ತರೆ ಬಾಗಿಲು ಮುಚ್ಚಿರುವುದು; ಮೂವತ್ತು ವರುಷ ಬುಟ್ಟಿ ಹೊತ್ತವಳು ಕಾಗದದಲ್ಲಿ ಕಾರ್ಮಿಕಳೇ ಅಲ್ಲ. ಆದುದರಿಂದ ಈಗ ದುಡಿಯುತ್ತಿರುವ ಸೊಸೆಯಂದಿರ ಹೆಸರನ್ನಾದರೂ ಬರೆಯಿಸುವುದು ಅವಶ್ಯ. ಅಕ್ಷರ ಬಲ್ಲ ನಮ್ಮ ವಾಚಕರು ತಮ್ಮ ನೆರೆಯ ಗೂಡುಗಳಲ್ಲಿ ಅರ್ಧ ದಿನ ಕುಳಿತು ಅರ್ಜಿ ತುಂಬಿಕೊಟ್ಟರೆ ಸಾಕು.

೨೦೨೩ರ ಜೂನ್ ತಿಂಗಳಿನಿಂದ ರಾಜ್ಯದ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ದುಡ್ಡಿಲ್ಲದ ಪ್ರಯಾಣ ದೊರಕಿದ ಮೇಲೆ ಅಜ್ಜಿಯರು ಹಬ್ಬಕ್ಕೆ ಊರಿಗೆ ಹೋಗಿ ಬರುವುದು ಹೆಚ್ಚಾಗಿದೆ. ಟಿಕೆಟ್ಟಿನ ಚಿಂತೆ ತೀರಿತು. ಬಸ್ಸಿನ ಮೊದಲ ಮೆಟ್ಟಿಲು ಮಾತ್ರ ಮೊದಲಿನಷ್ಟೇ ಎತ್ತರವಾಗಿದೆ. ನೋಯದ ಕಾಲನ್ನು ಮೊದಲು ಮೇಲಿಡಬೇಕು, ಇಳಿಯುವಾಗ ನೋಯುವ ಕಾಲನ್ನು ಮೊದಲು ಕೆಳಗಿಡಬೇಕು ಎಂಬುದನ್ನು ಅವರಿಗೆ ಹೇಳಿಕೊಡಿರಿ. ಹೊರಡುವ ಮುನ್ನ, ಆಕೆ ತೆಗೆದುಕೊಳ್ಳುವ ಮಾತ್ರೆಗಳ ಹೆಸರನ್ನೂ ಯಾವ ಹೊತ್ತಿಗೆ ಎಷ್ಟೆಂಬುದನ್ನೂ ಕನ್ನಡದಲ್ಲಿ ಬಿಡಿಸಿ ಬರೆದ ಚೀಟಿಯೊಂದನ್ನು ಮಡಿಸಿ ಆಕೆಯ ಎಲೆಯಡಿಕೆಯ ಸಂಚಿಯಲ್ಲಿ ಇಟ್ಟರೆ, ಶಿರವಾಳದಲ್ಲಿ ಯಾರಾದರೂ ಓದಿ ಹೇಳುವರು.